ಯಾರನ್ನು ಎಣಿಸಿದಿರಿ? ಆಫ್ರಿಕಾದೊಳಗಿನ ವಲಸೆಯ ವರದಿ ತಿದ್ದುವ ಕೆಲಸ

(ಸಮಾಜವಿಜ್ಞಾನದ ಸಂಶೋಧನಾ ವಿದ್ಯಾರ್ಥಿಗಳಿಗಾಗಿ ಧಾರವಾಡದಲ್ಲಿ ನೀಡಿದ ಉಪನ್ಯಾಸದ ಬರಹ ರೂಪ. ಮಾತಿನ ಪುನರುಕ್ತಿಗಳನ್ನು ತೆಗೆದಿದ್ದೇನೆ. ಸಭಿಕರ ಪ್ರಶ್ನೆಗಳಿಗೆ ಕೊಟ್ಟ ಉತ್ತರಗಳನ್ನು ಆಯಾ ಜಾಗದಲ್ಲೇ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ದಕ್ಷಿಣ ಆಫ್ರಿಕಾದಲ್ಲಿ ಹೊರದೇಶಗಳಿಂದ ಬಂದ ವಲಸಿಗರು ಎಷ್ಟು ಮಂದಿ ಇದ್ದಾರೆ? ವಿಶ್ವಸಂಸ್ಥೆಯ 2019ರ ಅಂದಾಜಿನ ಪ್ರಕಾರ ಸುಮಾರು 42 ಲಕ್ಷ. ಅದೇ ವಿಶ್ವಸಂಸ್ಥೆಯ 2020ರ ಅಂದಾಜಿನಲ್ಲಿ ಸುಮಾರು 29 ಲಕ್ಷ. ಆ ದೇಶದ ಅಂಕಿಅಂಶ ಸಂಸ್ಥೆ 2021ರ ಮಧ್ಯಭಾಗಕ್ಕೆ ಕೊಟ್ಟ ಅಂದಾಜು 39.5 ಲಕ್ಷ. ಅದೇ ಸಂಸ್ಥೆ 2022ರಲ್ಲಿ ನಡೆಸಿದ ಜನಗಣತಿಯಲ್ಲಿ ಸಿಕ್ಕವರು 24 ಲಕ್ಷ. ಉತ್ತರ ನಾಲ್ಕು, ಉತ್ತರ ಕೊಟ್ಟವರು ಇಬ್ಬರೇ.

ಸಂಪಾದನೆ ನನ್ನ ಕಸುಬು. ಬೆಂಗಳೂರು, ಚೆನ್ನೈ, ಪುದುಚೇರಿಗಳಲ್ಲಿ ಕುಳಿತು ಪರದೇಶದ ಪ್ರಕಾಶಕರಿಗೂ ಸಂಶೋಧನಾ ತಂಡಗಳಿಗೂ ಕರಡು ತಿದ್ದಿಕೊಡುವವರ ಸಂಖ್ಯೆ ದೊಡ್ಡದು. ಜಗತ್ತಿನ ವಿದ್ವತ್ ಪ್ರಕಟಣೆಯ ಅಡುಗೆಮನೆಯಲ್ಲಿ ನಮ್ಮವರ ಕೈ ಬಹಳ ಇದೆ, ಬಡಿಸುವಾಗ ಹೆಸರು ಕಾಣುವುದಿಲ್ಲ ಅಷ್ಟೆ. ಹಾಗೆ ನನ್ನ ಮೇಜಿಗೆ ಬಂದದ್ದು ಆಫ್ರಿಕಾ ಖಂಡದೊಳಗಿನ ವಲಸೆಯ ಕುರಿತ ಒಂದು ಸಹಯೋಗಿ ವರದಿ. ಹಲವು ದೇಶಗಳ ಲೇಖಕರು, ಇಂಗ್ಲಿಷ್, ಫ್ರೆಂಚ್, ಪೋರ್ಚುಗೀಸ್ ಎಂಬ ಮೂರು ಬರವಣಿಗೆಯ ಭಾಷೆಗಳು. ಅರ್ಥಶಾಸ್ತ್ರಜ್ಞರು, ಇತಿಹಾಸಕಾರರು, ಕಾನೂನು ತಿಳಿದವರು, ಹಳ್ಳಿಯಲ್ಲಿ ತಿಂಗಳುಗಟ್ಟಲೆ ಉಳಿದು ಬಂದ ಮಾನವಶಾಸ್ತ್ರಜ್ಞರು ಎಲ್ಲರೂ ಒಂದೇ ರಟ್ಟಿನೊಳಗೆ. ಯಾವ ವರದಿ ಎಂದು ಹೇಳುವುದಿಲ್ಲ, ಕರಾರು ಹಾಗಿದೆ. ಹೇಳಬೇಕಾದದ್ದಕ್ಕೆ ಅದರ ಹೆಸರೂ ಬೇಕಾಗಿಲ್ಲ.

ಆ ನಾಲ್ಕು ಅಂಕಿಗಳು ನಾಲ್ಕು ಅಧ್ಯಾಯಗಳಲ್ಲಿ ಒಂದೊಂದಾಗಿ ಕುಳಿತಿದ್ದವು. ಪ್ರತಿಯೊಬ್ಬ ಲೇಖಕರೂ ಮೂಲವನ್ನು ಸರಿಯಾಗಿಯೇ ತೋರಿಸಿದ್ದರು. ಯೋಜನೆಯ ನಿರ್ವಹಣೆ ನೋಡಿಕೊಳ್ಳುತ್ತಿದ್ದವರಿಂದ ನನಗೆ ಬಂದ ಸೂಚನೆ ಚುಟುಕಾಗಿತ್ತು: ಒಂದೇ ಅಂಕಿ ಇಡಿ, ಓದುಗರಿಗೆ ಗೊಂದಲ ಬೇಡ. ಸಂಪಾದಕರಿಂದ ಸಾಮಾನ್ಯವಾಗಿ ನಿರೀಕ್ಷಿಸುವುದೂ ಇದನ್ನೇ. ಏರುಪೇರು ತಟ್ಟಿ, ಇಡೀ ವರದಿ ಒಬ್ಬರೇ ಒಂದೇ ಉಸಿರಿನಲ್ಲಿ ಬರೆದಂತೆ ಮಾಡಿಕೊಡುವುದು. ಈ ನಿರೀಕ್ಷೆಯೊಂದಿಗೆ ನನಗೆ ಜಗಳವಿದೆ, ಇವತ್ತಿನ ಮಾತೆಲ್ಲ ಆ ಜಗಳವೇ. ಸಹಯೋಗಿ ವರದಿಯಲ್ಲಿ ಲೇಖಕರು ಎಲ್ಲಿ ಒಪ್ಪುವುದಿಲ್ಲ, ಯಾಕೆ ಒಪ್ಪುವುದಿಲ್ಲ ಎಂಬುದು ಪುಟದ ಮೇಲೆ ಕಾಣಬೇಕು. ಅದನ್ನು ಅಳಿಸಿ ನಯ ಮಾಡಿದರೆ ಭಾಷೆ ಸುಧಾರಿಸೀತು, ತಿಳಿವಳಿಕೆ ಕಡಿಮೆಯಾಗುತ್ತದೆ.

ಅಂಕಿಗಳನ್ನೇ ನೋಡಿ. 42 ಲಕ್ಷ ಒಂದೇ ವರ್ಷದಲ್ಲಿ 29 ಲಕ್ಷವಾಯಿತು ಎಂದರೆ 13 ಲಕ್ಷ ಜನ ಗಂಟುಮೂಟೆ ಕಟ್ಟಿ ಹೊರಟರು ಎಂದಲ್ಲ. ಲೆಕ್ಕದ ಆಧಾರ ಪರಿಷ್ಕೃತವಾಗಿತ್ತು. 39.5 ಲಕ್ಷ ಎಂಬುದು ಜನಸಂಖ್ಯೆಯ ಮಾದರಿಯೊಂದರಿಂದ ತೆಗೆದ ಅಂದಾಜು. 24 ಲಕ್ಷ ಎಂಬುದು ಗಣತಿಯವರು ಬಾಗಿಲು ತಟ್ಟಿ ಕೇಳಿದ್ದು. ಆ ಗಣತಿಯಲ್ಲಿ ಸುಮಾರು ಶೇ 31 ಮಂದಿ ಎಣಿಕೆಗೆ ಸಿಗದೆ ಹೋಗಿದ್ದರು ಎಂದು ಗಣತಿಯ ನಂತರದ ಸಮೀಕ್ಷೆ ಹೇಳಿತು, ಪ್ರಕಟವಾದ ಅಂಕಿ ಅದನ್ನು ಸರಿತೂಗಿಸಿದ ಮೇಲಿನದು. ಕಾಗದಪತ್ರ ಇಲ್ಲದ ಜಿಂಬಾಬ್ವೆಯ ತೋಟದಾಳು ಸರ್ಕಾರದ ಗುರುತುಚೀಟಿ ನೇತುಹಾಕಿಕೊಂಡು ಬಂದವರಿಗೆ ಬಾಗಿಲು ತೆರೆಯುತ್ತಾನೆಯೇ, ತೆರೆದರೂ ಹುಟ್ಟಿದ ಊರು ಹೇಳುತ್ತಾನೆಯೇ ಎಂದು ನೀವೇ ಯೋಚಿಸಿ. ಈ ನಾಲ್ಕರಲ್ಲಿ ಒಂದನ್ನು ಉಳಿಸಿ ಮೂರನ್ನು ಅಳಿಸುವ ಅಧಿಕಾರ ನನಗೆ ಯಾರು ಕೊಟ್ಟರು?

ವರದಿಯ ಆರಂಭದಲ್ಲೇ ಒಂದು ಕೋಷ್ಟಕ ಹಾಕಿಸಿದೆವು. ಅಂಕಿ, ವರ್ಷ, ಹೇಳಿದವರು ಎಂಬ ಕಾಲಂಗಳ ಪಕ್ಕದಲ್ಲಿ ಇನ್ನೊಂದು ಕಾಲಂ: ‘ಯಾರನ್ನು ಎಣಿಸಿದ್ದು’. ಇಡೀ ಕೆಲಸದಲ್ಲಿ ನನಗೆ ಹೆಚ್ಚು ಸಮಾಧಾನ ಕೊಟ್ಟ ಕಾಲಂ ಅದು, ಲೇಖಕರಿಗೆ ಹೆಚ್ಚು ಕಿರಿಕಿರಿ ಕೊಟ್ಟದ್ದೂ ಅದೇ. ಬಹಳ ಮಂದಿ ಅಂಕಿಯನ್ನು ಎತ್ತಿಕೊಂಡಿದ್ದರು, ಎಣಿಸಿದ್ದು ಯಾರನ್ನು ಎಂದು ತಿರುಗಿ ನೋಡಿರಲಿಲ್ಲ.

ಈ ಕಾಲಂನ ಮಹತ್ವ ಐವರಿ ಕೋಸ್ಟ್‌ನ ಅಧ್ಯಾಯದಲ್ಲಿ ಹೊಳೆಯಿತು. ಆ ದೇಶದ 2014ರ ಜನಗಣತಿ ಜನಸಂಖ್ಯೆಯ ಶೇ 24ರಷ್ಟು, ಅಂದರೆ ಸುಮಾರು 55 ಲಕ್ಷ ಜನ ವಿದೇಶೀಯರು ಎನ್ನುತ್ತದೆ. ವಿಶ್ವಸಂಸ್ಥೆಯ 2020ರ ಪಟ್ಟಿಯಲ್ಲಿ ಅದೇ ದೇಶದ ವಲಸಿಗರು ಸುಮಾರು 26 ಲಕ್ಷ. ಅರ್ಧಕ್ಕಿಂತ ಕಡಿಮೆ! ಗಣತಿ ಲೆಕ್ಕ ಹಾಕಿದ್ದು ಪೌರತ್ವವನ್ನು. ಅಲ್ಲಿ ಹುಟ್ಟಿದ ಮಾತ್ರಕ್ಕೆ ಪೌರತ್ವ ಸಿಗುವುದಿಲ್ಲ. ಅಜ್ಜ ಬುರ್ಕಿನಾ ಫಾಸೊದಿಂದ ಬಂದು ಕೋಕೋ ತೋಟದಲ್ಲಿ ದುಡಿದ, ಮಗ ಅಲ್ಲೇ ಹುಟ್ಟಿದ, ಮೊಮ್ಮಗಳೂ ಅಲ್ಲೇ ಹುಟ್ಟಿ ಅಬಿಜಾನ್‌ನಲ್ಲಿ ಓದುತ್ತಿದ್ದಾಳೆ. ಆ ಮೊಮ್ಮಗಳು ಗಡಿ ದಾಟಿಯೇ ಇಲ್ಲ, ಆದರೂ ವಿದೇಶೀಯರ ಲೆಕ್ಕದಲ್ಲಿದ್ದಾಳೆ. ಹುಟ್ಟಿದ ಸ್ಥಳವನ್ನು ಹಿಡಿದು ಎಣಿಸಿದರೆ ಅವಳು ಲೆಕ್ಕದಿಂದ ಹೊರಗೆ. ಯಾರು ನಿಜವಾದ ಐವರಿ ಕೋಸ್ಟಿನವರು ಎಂಬ ಪ್ರಶ್ನೆಯ ಸುತ್ತ ಆ ದೇಶ 1990ರ ದಶಕದಿಂದ ಹೊಡೆದಾಡಿ, 2002ರಲ್ಲಿ ಅಂತರ್ಯುದ್ಧವನ್ನೇ ಕಂಡಿತು. ಅಂಥ ಕಡೆ ‘55 ಲಕ್ಷ ವಲಸಿಗರು’ ಎಂದು ಬರೆದುಬಿಡುವುದು ಕೇವಲ ಅಂಕಿಯ ತಪ್ಪಲ್ಲ, ಜಗಳದಲ್ಲಿ ಒಂದು ಪಕ್ಷದ ಕಡೆ ನಿಂತಂತೆ.

ಇನ್ನೂ ಹಿಂದಕ್ಕೆ ಹೋದರೆ ಗಡಿಯೇ ಕೈಗೆ ಸಿಗುವುದಿಲ್ಲ. ಇಂದಿನ ಬುರ್ಕಿನಾ ಫಾಸೊ ಆಗ ಅಪ್ಪರ್ ವೋಲ್ಟಾ ಎಂಬ ಫ್ರೆಂಚ್ ವಸಾಹತು. 1932ರಲ್ಲಿ ಫ್ರೆಂಚರು ಆ ವಸಾಹತನ್ನೇ ರದ್ದು ಮಾಡಿ ನೆರೆಯ ಮೂರು ವಸಾಹತುಗಳಿಗೆ ಹಂಚಿದರು, ದೊಡ್ಡ ಪಾಲು ಐವರಿ ಕೋಸ್ಟ್‌ಗೆ ಹೋಯಿತು. ತೋಟಗಳಿಗೆ ಆಳುಗಳು ಬೇಕಾಗಿದ್ದರು. 1947ರಲ್ಲಿ ಮತ್ತೆ ಜೋಡಿಸಿದರು. ಹಾಗಾದರೆ 1938ರಲ್ಲಿ, ಆಗ ಐವರಿ ಕೋಸ್ಟ್‌ಗೆ ಸೇರಿಹೋಗಿದ್ದ ವಾಗಡೂಗುವಿನಿಂದ (ಇಂದಿನ ಬುರ್ಕಿನಾ ಫಾಸೊದ ರಾಜಧಾನಿ) ದಕ್ಷಿಣದ ತೋಟಕ್ಕೆ ಒಯ್ಯಲ್ಪಟ್ಟ ಕೂಲಿಯವನು ಯಾವ ಗಡಿ ದಾಟಿದ? ಇತಿಹಾಸದ ಅಧ್ಯಾಯ ಅವನನ್ನು ಬಲವಂತದ ದುಡಿಮೆಗೆ ಸಿಕ್ಕವನು ಎಂದಿತು, ಅರ್ಥಶಾಸ್ತ್ರದ ಅಧ್ಯಾಯ ಅಂತರರಾಷ್ಟ್ರೀಯ ವಲಸಿಗ ಎಂದಿತು. ಎರಡನೆಯದನ್ನು ನಾನು ತಿದ್ದಿಸಿದೆ. ಎಲ್ಲ ಭಿನ್ನಾಭಿಪ್ರಾಯವನ್ನೂ ಉಳಿಸಬೇಕು ಎಂದು ನಾನು ಹೇಳುತ್ತಿಲ್ಲ ನೋಡಿ. ಸರಿತಪ್ಪು ಗೊತ್ತಾಗುವ ಕಡೆ ತಪ್ಪನ್ನು ತೆಗೆಯಲೇಬೇಕು. ತಿರುಗಿಸಿ ಹೇಳುವುದಾದರೆ, 2011ರ ಜುಲೈನಲ್ಲಿ ದಕ್ಷಿಣ ಸುಡಾನ್ ಸ್ವತಂತ್ರವಾದಾಗ ಖಾರ್ಟೂಮ್‌ನಲ್ಲಿ ನೆಲೆಸಿದ್ದ ದಕ್ಷಿಣದವರು ಕುಳಿತ ಜಾಗದಿಂದ ಏಳದೆಯೇ ಅಂತರರಾಷ್ಟ್ರೀಯ ವಲಸಿಗರಾದರು. ಆ ವರ್ಷದ ಏರಿಕೆಯನ್ನು ‘ವಲಸೆ ಹೆಚ್ಚಿತು’ ಎಂದು ಬರೆದಿದ್ದ ವಾಕ್ಯವೊಂದು ಕರಡಿನಲ್ಲಿ ಇತ್ತು. ಅದನ್ನು ಹೊಡೆದುಹಾಕಲು ಯಾರ ಅನುಮತಿಯನ್ನೂ ಕೇಳಲಿಲ್ಲ.

ಈಗ ಕಂಬನಕ್ಷೆಯ ವಿಷಯ. ಕಾಂಗೊ ಪ್ರಜಾಸತ್ತಾತ್ಮಕ ಗಣರಾಜ್ಯದಲ್ಲಿ ಕೊನೆಯ ಜನಗಣತಿ ನಡೆದದ್ದು 1984ರಲ್ಲಿ. ನೈಜೀರಿಯಾದಲ್ಲಿ 2006ರಲ್ಲಿ. ಕೀನ್ಯಾದಲ್ಲಿ 2019ರಲ್ಲಿ. ಮೂರು ದೇಶಗಳ ಅಂಕಿಗಳನ್ನು ಒಂದೇ ಬಣ್ಣದ ಮೂರು ಕಂಬಗಳಾಗಿ ನಿಲ್ಲಿಸಿದರೆ ಮೂರಕ್ಕೂ ಒಂದೇ ಅಡಿಪಾಯವಿದೆ ಎಂದು ಓದುಗರು ನಂಬುತ್ತಾರೆ. ಹಳೆಯ ಗಣತಿಯಿಂದ ಎಳೆದುಕೊಂಡು ಬಂದ ಅಂದಾಜುಗಳಿಗೆ ಗೆರೆ ಹೊಡೆದ ಕಂಬ, ಹೊಸ ಗಣತಿಯವಕ್ಕೆ ತುಂಬಿದ ಕಂಬ ಎಂದು ಬೇರೆ ಮಾಡಿಸಿದೆವು. ಅಂದ ಕೆಟ್ಟಿತು ಎಂದು ಪುಟವಿನ್ಯಾಸದವರು ಗೊಣಗಿದರು. ಅದು ನಿಜವೇ.

ಧಾರವಾಡದಲ್ಲಿ ಮಾತನಾಡುತ್ತಿರುವುದರಿಂದ ಗುಳೆಯ ಮಾತು ತೆಗೆಯದೆ ಇರಲಾರೆ. ಯಾದಗಿರಿ, ರಾಯಚೂರು, ಕಲಬುರಗಿಯ ಹಳ್ಳಿಗಳಿಂದ ಸುಗ್ಗಿ ಮುಗಿದ ಮೇಲೆ ಬೆಂಗಳೂರು, ಪುಣೆ, ಮುಂಬಯಿಗೆ ಗುಳೆ ಹೋಗಿ ಮಳೆಗಾಲಕ್ಕೆ ಮರಳುವವರು ನಮ್ಮ ಗಣತಿಯ ವಲಸೆ ಕೋಷ್ಟಕದಲ್ಲಿ ಸರಿಯಾಗಿ ಕಾಣುವುದಿಲ್ಲ. 2011ರ ಗಣತಿಯಲ್ಲಿ ದೇಶದೊಳಗಿನ ವಲಸಿಗರು 45 ಕೋಟಿಗೂ ಹೆಚ್ಚು, ಆದರೆ ಅದರಲ್ಲಿ ದೊಡ್ಡ ಪಾಲು ಮದುವೆಯಾಗಿ ಗಂಡನ ಮನೆಗೆ ಹೋದ ಹೆಣ್ಣುಮಕ್ಕಳು. ‘ವಲಸಿಗ’ ಎಂದೊಡನೆ ನಮ್ಮ ಕಣ್ಣಿಗೆ ಬರುವ ಗಾರೆ ಕೆಲಸದವನು ಆ ಅಂಕಿಯ ಅಂಚಿನಲ್ಲಿದ್ದಾನೆ. ಸಾಹೆಲ್ ಪ್ರದೇಶದಲ್ಲೂ ಹೀಗೆಯೇ. ಮಾಲಿ, ನೈಜರ್, ಬುರ್ಕಿನಾ ಫಾಸೊಗಳ ಒಣ ಹಳ್ಳಿಗಳಿಂದ ಬೇಸಾಯವಿಲ್ಲದ ತಿಂಗಳುಗಳಲ್ಲಿ ಕರಾವಳಿಯ ದೇಶಗಳಿಗೆ ದುಡಿಯಲು ಹೋಗಿ ಬಿತ್ತನೆಗೆ ವಾಪಸಾಗುವವರಿದ್ದಾರೆ. ಅಂತರರಾಷ್ಟ್ರೀಯ ಲೆಕ್ಕದಲ್ಲಿ ದೀರ್ಘಾವಧಿ ವಲಸಿಗರಾಗಲು ಕನಿಷ್ಠ 12 ತಿಂಗಳು ವಾಸವಿರಬೇಕು. ಅವರ ದುಡಿಮೆಯೆಲ್ಲ ಆ 12 ತಿಂಗಳ ಒಳಗೇ ಮುಗಿಯುತ್ತದೆ.

ದಕ್ಷಿಣ ಆಫ್ರಿಕಾದ ಚಿನ್ನದ ಗಣಿಗಳ ಕಥೆ ಇದಕ್ಕಿಂತ ವಿಚಿತ್ರ. 1970ರ ದಶಕದ ಆರಂಭದವರೆಗೂ ಅಲ್ಲಿನ ಕಪ್ಪು ಗಣಿಕಾರ್ಮಿಕರಲ್ಲಿ ಬಹುಪಾಲು ಜನ ಮಲಾವಿ, ಮೊಜಾಂಬಿಕ್, ಲೆಸೊತೊಗಳಿಂದ ಬಂದವರು. ಕರಾರು ಮುಗಿದೊಡನೆ ಊರಿಗೆ ಹೋಗಬೇಕು, ಮತ್ತೆ ಕರಾರು, ಮತ್ತೆ ಗಣಿ. ಹೆಂಡತಿ ಮಕ್ಕಳನ್ನು ಕರೆತರುವಂತಿಲ್ಲ. ಮೊಜಾಂಬಿಕ್‌ನವರ ಕೂಲಿಯ ಒಂದು ಭಾಗ ತಡೆಹಿಡಿದು ಊರಿಗೆ ಮರಳಿದ ಮೇಲೆ ಕೊಡುವ ಒಪ್ಪಂದ ಎರಡು ಸರ್ಕಾರಗಳ ನಡುವೆ ಇತ್ತು. ಆಯುಷ್ಯದ ಬಹುಭಾಗ ಗಣಿಯಲ್ಲಿ ಕಳೆದ ಮನುಷ್ಯ ಕಾಗದದ ಮೇಲೆ ಸದಾ ಲೆಸೊತೊದ ಹಳ್ಳಿಯ ನಿವಾಸಿ. ಈ ಭಾಗದ ಲೇಖಕರು ಅಂಕಿ ಕೊಡಲೇ ಇಲ್ಲ, ನೇಮಕಾತಿ ಹೇಗೆ ನಡೆಯುತ್ತಿತ್ತು ಎಂದಷ್ಟೇ ವಿವರಿಸಿದರು. ಪಕ್ಕದ ಅಧ್ಯಾಯದಂತೆ ಇದರಲ್ಲೂ ಒಂದು ಕೋಷ್ಟಕ ಬೇಕೆಂದು ಒಬ್ಬರು ಪರಿಶೀಲಕರು ಬರೆದರು. ಅಧ್ಯಾಯಗಳೆಲ್ಲ ಒಂದೇ ಅಚ್ಚಿನಲ್ಲಿ ಇರಬೇಕೆಂಬ ಈ ಹಟ ನನಗೆ ಅರ್ಥವಾಗುವುದಿಲ್ಲ. ಕೋಷ್ಟಕ ಇಲ್ಲದೆಯೇ ಅಧ್ಯಾಯ ಅಚ್ಚಾಯಿತು.

ಸಣ್ಣ ಸಂಗತಿ, ಆದರೆ ಹೊಸದಾಗಿ ಈ ಕೆಲಸಕ್ಕೆ ಇಳಿಯುವವರಿಗೆ ಹೇಳಬೇಕು. ಸೆನೆಗಲ್‌ನ ಡಾಕರ್‌ನ ಲೇಖಕರು, ದಶಮಾಂಶ ಚುಕ್ಕಿಯ ಜಾಗದಲ್ಲಿ ಅಲ್ಪವಿರಾಮ ಹಾಕುವ ಫ್ರೆಂಚ್ ರೂಢಿಯಂತೆ, ‘2,564 ಮಿಲಿಯನ್’ ಎಂದು ಬರೆದರೆ ಎರಡೂವರೆ ಮಿಲಿಯನ್ ಚಿಲ್ಲರೆ. ನೈರೋಬಿಯವರು ಅದನ್ನು ಎರಡು ಸಾವಿರದ ಐನೂರ ಅರವತ್ತನಾಲ್ಕು ಮಿಲಿಯನ್ ಎಂದು ಓದುತ್ತಾರೆ. ಫ್ರೆಂಚಿನ ಬಿಲಿಯನ್ ಒಂದು ಲಕ್ಷ ಕೋಟಿ, ಇಂಗ್ಲಿಷಿನ ಬಿಲಿಯನ್ ನೂರು ಕೋಟಿ. ವಲಸಿಗರು ಊರಿಗೆ ಕಳುಹಿಸುವ ಹಣದ ಅಧ್ಯಾಯದಲ್ಲಿ ಇದನ್ನು ಗಮನಿಸದಿದ್ದರೆ ಸೆನೆಗಲ್ ದೇಶ ರಾತ್ರೋರಾತ್ರಿ ಅಮೆರಿಕಕ್ಕೆ ಸಾಲ ಕೊಡುವ ಸ್ಥಿತಿಗೆ ಬರುತ್ತದೆ.

ಇನ್ನು ನಾನು ಹೆಚ್ಚು ತಲೆ ಕೆಡಿಸಿಕೊಂಡ ಜಾಗಕ್ಕೆ ಬರುತ್ತೇನೆ. ಪಶ್ಚಿಮ ಆಫ್ರಿಕಾದಲ್ಲಿ ನಡೆದ ಸಾಮೂಹಿಕ ಹೊರದಬ್ಬುವಿಕೆಗಳ ಬಗ್ಗೆ ಎರಡು ಅಧ್ಯಾಯಗಳಿದ್ದವು. ಒಂದನ್ನು ಬರೆದವರು ಘಾನಾದವರು, ಇನ್ನೊಂದನ್ನು ನೈಜೀರಿಯಾದವರು. ಘಾನಾದವರ ಕಥೆ 1983ರ ಜನವರಿಯಿಂದ ಶುರುವಾಗುತ್ತದೆ. ತೈಲದ ಬೆಲೆ ಕುಸಿದಿತ್ತು, ನೈಜೀರಿಯಾದಲ್ಲಿ ಚುನಾವಣೆ ಹತ್ತಿರ ಬರುತ್ತಿತ್ತು, ಶೆಹು ಶಗಾರಿಯವರ ಸರ್ಕಾರ ಕಾಗದಪತ್ರವಿಲ್ಲದ ವಿದೇಶೀಯರು ಎರಡು ವಾರದೊಳಗೆ ದೇಶ ಬಿಡಬೇಕೆಂದು ಜನವರಿ 17ರಂದು ಘೋಷಿಸಿತು. ಹೊರಟವರು ಹತ್ತಿಪ್ಪತ್ತು ಲಕ್ಷ ಎಂದು ಬೇರೆ ಬೇರೆ ಅಂದಾಜುಗಳಿವೆ, ಅವರಲ್ಲಿ ಘಾನಾದವರೇ ಹೆಚ್ಚು. ಊರಿಗೆ ಹೋಗಲು ಬೆನಿನ್, ಟೋಗೊ ದಾಟಬೇಕು. ಟೋಗೊ ಕಡೆಯ ಗಡಿಯನ್ನು ಘಾನಾದ ಜೆರ್ರಿ ರಾಲಿಂಗ್ಸ್ ಸರ್ಕಾರವೇ ಹಿಂದಿನ ವರ್ಷ ಮುಚ್ಚಿತ್ತು. ಜನ ನಡುದಾರಿಯಲ್ಲಿ, ಬಯಲಿನಲ್ಲಿ ಸಿಕ್ಕಿಕೊಂಡರು. ಸಿಕ್ಕಿದ್ದನ್ನೆಲ್ಲ ತುಂಬಿಕೊಂಡು ಹೊರಟ ಆ ಅಗ್ಗದ, ಚೌಕುಳಿ ಗೆರೆಗಳ ಪ್ಲಾಸ್ಟಿಕ್ ಚೀಲಕ್ಕೆ ಇಂದಿಗೂ ನೈಜೀರಿಯಾದಲ್ಲಿ ‘ಘಾನಾ ಮಸ್ಟ್ ಗೋ’ ಎಂದೇ ಹೆಸರು. ಅದೇ ಚೀಲವನ್ನು ನೀವು ಬೆಂಗಳೂರಿನ ರೈಲು ನಿಲ್ದಾಣದಲ್ಲಿ ದಿನವೂ ನೋಡಬಹುದು.

ನೈಜೀರಿಯಾದವರ ಅಧ್ಯಾಯ 1969ರ ನವೆಂಬರ್‌ನಿಂದ ಶುರುವಾಗುತ್ತಿತ್ತು. ಆಗ ಘಾನಾದ ಪ್ರಧಾನಿ ಕೋಫಿ ಬುಸಿಯಾ. ಅನುಮತಿಪತ್ರವಿಲ್ಲದ ವಿದೇಶೀಯರು ಎರಡು ವಾರದೊಳಗೆ ಹೊರಡಬೇಕೆಂಬ ಆದೇಶ ಅವರ ಸರ್ಕಾರದ್ದು. ಅದೇ ಎರಡು ವಾರ! ತಲೆಮಾರುಗಳಿಂದ ಅಲ್ಲಿ ಅಂಗಡಿ ಇಟ್ಟುಕೊಂಡಿದ್ದ ನೈಜೀರಿಯಾ ಮೂಲದ ಯೊರುಬಾ ವರ್ತಕರು ಲಕ್ಷಗಟ್ಟಲೆ ಮಂದಿಯ ಜೊತೆ ಮಾಲು ಬಿಸಾಡಿ ಹೊರಟರು. ಕೋಕೋ ತೋಟಗಳಲ್ಲಿ ಆಳುಗಳೇ ಇಲ್ಲದಂತಾಯಿತು.

ಎರಡೂ ಅಧ್ಯಾಯಗಳಲ್ಲಿ ಒಂದು ಸುಳ್ಳೂ ಇರಲಿಲ್ಲ. ಆದರೆ ಒಬ್ಬರ ಕಥೆಯಲ್ಲಿ ಮೊದಲ ಪೆಟ್ಟು ಇನ್ನೊಬ್ಬರದು. 1983ನ್ನು ಮೊದಲು ಓದಿದವರಿಗೆ 1969 ಹಳೆಯ ಲೆಕ್ಕವನ್ನು ಕೆದಕಿದಂತೆ ಕಾಣುತ್ತದೆ, 1969ನ್ನು ಮೊದಲು ಓದಿದವರಿಗೆ 1983 ಅದರ ಬಡ್ಡಿಯಂತೆ ಕಾಣುತ್ತದೆ. ಇಬ್ಬರೂ ಸಭ್ಯರು, ಪತ್ರಗಳಲ್ಲಿ ಒಬ್ಬರನ್ನೊಬ್ಬರು ‘ಪ್ರೊಫೆಸರ್’ ಎಂದೇ ಕರೆಯುತ್ತಿದ್ದರು. ಕರಡಿನ ಅಂಚಿನ ಟಿಪ್ಪಣಿಗಳಲ್ಲಿ ಮಾತ್ರ ಬಿಸಿ ಏರುತ್ತಿತ್ತು. ಎರಡನ್ನೂ ಸೇರಿಸಿ, ಕಾಲಾನುಕ್ರಮದಲ್ಲಿ ಇಟ್ಟು, ಒಂದೇ ಅಧ್ಯಾಯ ಮಾಡಿ ಎಂಬ ಸಲಹೆ ಬಂತು. ಕಾಲಾನುಕ್ರಮ ನಿಷ್ಪಕ್ಷಪಾತ ಎಂದು ನಾವು ನಂಬುತ್ತೇವೆ. ಇಲ್ಲಿ ಅದು ನೈಜೀರಿಯಾದ ವಾದವನ್ನು ಸದ್ದಿಲ್ಲದೆ ಗೆಲ್ಲಿಸುತ್ತಿತ್ತು. ಅದಲ್ಲದೆ, 1969ಕ್ಕಿಂತ ಹಿಂದೆಯೂ ಆ ಭಾಗದಲ್ಲಿ ಹೊರದಬ್ಬುವಿಕೆಗಳು ನಡೆದಿವೆ. ಎಳೆ ಹಿಡಿದು ಹೋದರೆ ಇನ್ನೂ ಹಿಂದಕ್ಕೆ ಹೋಗಬೇಕಾಗುತ್ತದೆ.

ಕೊನೆಗೆ ಎರಡು ಅಧ್ಯಾಯಗಳು ಎರಡಾಗಿಯೇ ಉಳಿದವು. ಒಂದೊಂದರ ಆರಂಭದಲ್ಲೂ ಇನ್ನೊಂದನ್ನು ನೋಡಿ ಎಂಬ ಸಾಲು ಸೇರಿಸಿದೆವು. ಎರಡೂ ಕಡೆ ಸಮಾನವಾಗಿ ಕಾಣುವ ಒಂದು ಸಂಗತಿಯನ್ನು ಮಾತ್ರ ಇಬ್ಬರೂ ಸೇರಿ ಬರೆದುಕೊಟ್ಟರು. ಎರಡೂ ಸರ್ಕಾರಗಳು ಆರ್ಥಿಕ ಮುಗ್ಗಟ್ಟಿನಲ್ಲಿದ್ದವು. ನಿರುದ್ಯೋಗಕ್ಕೂ ಅಪರಾಧಕ್ಕೂ ವಿದೇಶೀಯರನ್ನೇ ಹೊಣೆ ಮಾಡಿದವು. ಎರಡೂ ಕಡೆ ಹೊರದಬ್ಬಿದ ಮೇಲೂ ಮುಗ್ಗಟ್ಟು ತೀರಲಿಲ್ಲ, ಎರಡೂ ಸರ್ಕಾರಗಳನ್ನು ಕೆಲವೇ ವರ್ಷಗಳಲ್ಲಿ ಸೈನ್ಯ ಉರುಳಿಸಿತು. ಬುಸಿಯಾ 1972ರ ಜನವರಿಯಲ್ಲಿ, ಶಗಾರಿ 1983ರ ಡಿಸೆಂಬರ್ ಕೊನೆಯಲ್ಲಿ. ವರದಿಯಲ್ಲಿ ನನಗೆ ಹೆಚ್ಚು ಇಷ್ಟವಾದ ಪುಟ ಅದು. ನಾನು ಅದರಲ್ಲಿ ಅಲ್ಪವಿರಾಮಗಳನ್ನಷ್ಟೇ ಮುಟ್ಟಿದ್ದು.

ಹಿಂಸೆಯ ಕುರಿತ ವಾಕ್ಯಗಳನ್ನು ನಾನು ಎರಡು ಸಲ ಓದುತ್ತೇನೆ. 2008ರ ಮೇ ತಿಂಗಳಲ್ಲಿ ಜೋಹಾನ್ಸ್‌ಬರ್ಗ್‌ನ ಅಲೆಕ್ಸಾಂಡ್ರಾದಲ್ಲಿ ಶುರುವಾಗಿ ಹಲವು ಊರುಗಳಿಗೆ ಹಬ್ಬಿದ ವಲಸಿಗ ವಿರೋಧಿ ದಾಳಿಗಳಲ್ಲಿ 62 ಮಂದಿ ಸತ್ತರು. ಕರಡಿನಲ್ಲಿ ‘62 ವಿದೇಶೀಯರ ಹತ್ಯೆ’ ಎಂದಿತ್ತು. ಆ 62 ಜನರಲ್ಲಿ 21 ಮಂದಿ ದಕ್ಷಿಣ ಆಫ್ರಿಕಾದ ಪ್ರಜೆಗಳೇ. ಬಹಳ ಕಡೆ ತಪ್ಪಾಗಿ ಉಲ್ಲೇಖವಾಗುವ ಅಂಕಿ ಇದು. ಸರಿಪಡಿಸಿದೊಡನೆ ಅಧ್ಯಾಯದ ವಾದವೇ ಬದಲಾಯಿತು. ಗುಂಪಿಗೆ ‘ಹೊರಗಿನವನು’ ಎಂದು ಕಂಡವನು ಪಾಸ್‌ಪೋರ್ಟ್ ನೋಡಿ ಆರಿಸಿದವನಾಗಿರಲಿಲ್ಲ ಎಂಬ ಪ್ಯಾರಾ ಹೊಸದಾಗಿ ಹುಟ್ಟಿತು.

ಕೆಲಸ ನಡೆಯುತ್ತಿರುವಾಗಲೇ ಜಗತ್ತು ಬದಲಾಗುತ್ತದೆ, ಅದಕ್ಕೆ ಏನು ಮಾಡುತ್ತೀರಿ ಎಂದು ಒಬ್ಬರು ಕೇಳಿದರು. ಪಶ್ಚಿಮ ಆಫ್ರಿಕಾದ ಆರ್ಥಿಕ ಒಕ್ಕೂಟ ‘ಎಕೋವಾಸ್’ 1975ರಲ್ಲಿ ಹುಟ್ಟಿತು. 1979ರ ಒಪ್ಪಂದದ ಪ್ರಕಾರ ಸದಸ್ಯ ದೇಶಗಳ ಪ್ರಜೆಗಳು ವೀಸಾ ಇಲ್ಲದೆ 90 ದಿನ ಇನ್ನೊಂದು ದೇಶದಲ್ಲಿ ಇರಬಹುದು. 1983ರಲ್ಲಿ ಹೊರದಬ್ಬುವಾಗ ಈ ಒಪ್ಪಂದ ಜಾರಿಯಲ್ಲಿತ್ತು ಎಂಬುದನ್ನೂ ನೆನಪಿಡಿ, 90 ದಿನ ಮೀರಿದವರನ್ನು ಅದು ಕಾಯಲಿಲ್ಲ. ‘15 ಸದಸ್ಯ ದೇಶಗಳ ಒಕ್ಕೂಟ’ ಎಂಬ ಮಾತು ವರದಿಯ ತುಂಬ ಇತ್ತು. 2025ರ ಜನವರಿ 29ರಂದು ಮಾಲಿ, ಬುರ್ಕಿನಾ ಫಾಸೊ, ನೈಜರ್ ಹೊರಬಿದ್ದವು. ಈಗ ಸದಸ್ಯರು 12. ಕಂಪ್ಯೂಟರಿಗೆ ಒಂದು ಆಜ್ಞೆ ಕೊಟ್ಟು 15 ಇದ್ದಲ್ಲೆಲ್ಲ 12 ಮಾಡಬಹುದು ಎಂದು ಕಿರಿಯ ಸಹೋದ್ಯೋಗಿಯೊಬ್ಬರು ಹೇಳಿದರು. ಮಾಡಿದ್ದರೆ 2010ರ ಸಮೀಕ್ಷೆಯಲ್ಲಿ ಮೂರು ದೇಶಗಳು ಮಾಯವಾಗುತ್ತಿದ್ದವು! ಪ್ರತಿ ವಾಕ್ಯಕ್ಕೂ ಅದರದೇ ಆದ ದಿನಾಂಕವಿದೆ, ಒಂದೊಂದನ್ನೂ ಕೈಯಿಂದಲೇ ತಿದ್ದಬೇಕು. ಹೊರಬಿದ್ದ ದೇಶಗಳ ಜನರ ಓಡಾಟಕ್ಕೆ ಸದ್ಯಕ್ಕೆ ಅಡ್ಡಿ ಮಾಡಬೇಡಿ ಎಂದು ಒಕ್ಕೂಟವೇ ಸದಸ್ಯರಿಗೆ ಹೇಳಿದ್ದರಿಂದ, ‘ವೀಸಾ ಇಲ್ಲದ ಓಡಾಟ ನಿಂತಿತು’ ಎಂದೂ ಬರೆಯುವಂತಿರಲಿಲ್ಲ.

ಇದೇ ಮಾತು ಇಡೀ ಖಂಡದ ಒಪ್ಪಂದಕ್ಕೂ ಸಲ್ಲುತ್ತದೆ. ಜನರ ಮುಕ್ತ ಸಂಚಾರಕ್ಕಾಗಿ ಆಫ್ರಿಕನ್ ಒಕ್ಕೂಟ 2018ರಲ್ಲಿ ಒಪ್ಪಂದವೊಂದನ್ನು ಅಂಗೀಕರಿಸಿತು. ಮೂವತ್ತಕ್ಕೂ ಹೆಚ್ಚು ದೇಶಗಳು ಸಹಿ ಹಾಕಿದವು. ಜಾರಿಗೆ ಬರಲು 15 ದೇಶಗಳು ಅನುಮೋದಿಸಬೇಕು. ವರದಿ ನನ್ನ ಕೈಯಲ್ಲಿದ್ದಾಗ ಅನುಮೋದಿಸಿದ್ದವು ನಾಲ್ಕೇ: ರುವಾಂಡಾ, ನೈಜರ್, ಮಾಲಿ, ಸಾವೊ ಟೋಮೆ. ‘ಆಫ್ರಿಕನ್ನರು ಈಗ ಖಂಡದಲ್ಲೆಲ್ಲ ಮುಕ್ತವಾಗಿ ಸಂಚರಿಸಬಹುದು’ ಎಂಬ ಹುಮ್ಮಸ್ಸಿನ ವಾಕ್ಯದಲ್ಲಿ ‘ಈಗ’ ಎಂಬುದನ್ನು ತೆಗೆಯುವುದೇ ಸಂಪಾದನೆ.

ಸಂದರ್ಶನ ಕೊಟ್ಟವರ ಗುರುತು ಮುಚ್ಚುವ ವಿಷಯ ಇನ್ನೂ ಗಂಭೀರ. ಪ್ರತಿ ಲೇಖಕರೂ ಹೆಸರು ಬದಲಿಸಿಯೇ ಇರುತ್ತಾರೆ. ಸಹಯೋಗಿ ವರದಿಯಲ್ಲಿ ಅಪಾಯ ಬರುವುದು ಅಧ್ಯಾಯಗಳ ಸಂದಿಯಿಂದ. ತಂಡ ಒಂದೇ, ಸಂದರ್ಶನಗಳ ಕಂತೆಯೂ ಒಂದೇ. ಜಿಂಬಾಬ್ವೆ ಮತ್ತು ದಕ್ಷಿಣ ಆಫ್ರಿಕಾ ನಡುವಿನ ಗಡಿಯಲ್ಲಿ ಸಾಮಾನು ಹೊತ್ತು ವ್ಯಾಪಾರ ಮಾಡುವ ಹೆಂಗಸರೊಬ್ಬರನ್ನು ಭಾವಿಸಿಕೊಳ್ಳಿ. ವ್ಯಾಪಾರದ ಅಧ್ಯಾಯದಲ್ಲಿ ಅವರ ವಯಸ್ಸು ಮತ್ತು ಸರಕು, ಕುಟುಂಬದ ಅಧ್ಯಾಯದಲ್ಲಿ ಮಕ್ಕಳ ಸಂಖ್ಯೆ ಮತ್ತು ಗಂಡನ ಕೆಲಸ, ಗಡಿಯ ಅಧ್ಯಾಯದಲ್ಲಿ ಅವರು ಯಾವ ಅಧಿಕಾರಿಗೆ ಎಷ್ಟು ಕೊಡುತ್ತಾರೆ ಎಂಬ ವಿವರ. ಮೂರು ಅಧ್ಯಾಯಗಳಲ್ಲಿ ಮೂರು ಸುಳ್ಳು ಹೆಸರು. ಒಂದೊಂದೇ ಓದಿದರೆ ಯಾರೆಂದು ತಿಳಿಯದು. ಮೂರನ್ನೂ ಪಕ್ಕಪಕ್ಕದಲ್ಲಿ ಇಟ್ಟರೆ ಆ ಪುಟ್ಟ ಪಟ್ಟಣದ ಯಾವ ಪೊಲೀಸರಿಗೂ ಮನೆ ಗೊತ್ತಾಗುತ್ತದೆ. ಇಡೀ ವರದಿಯನ್ನು ಮೊದಲಿನಿಂದ ಕೊನೆಯವರೆಗೆ ಓದುವ ವ್ಯಕ್ತಿ ಸಂಪಾದಕರೊಬ್ಬರೇ ಆಗಿರುವುದುಂಟು, ಆದ್ದರಿಂದ ಇದನ್ನು ಬೇರೆ ಯಾರೂ ಹಿಡಿಯಲಾರರು. ಇಲ್ಲಿ ಲೇಖಕರ ಮಾತು ನಾನು ಕೇಳುವುದಿಲ್ಲ. ವಿವರ ಎಷ್ಟೇ ಸೊಗಸಾಗಿದ್ದರೂ ಒಂದು ಅಧ್ಯಾಯದಿಂದ ಹೋಗಬೇಕು.

ಇದಕ್ಕೆ ತಿರುವುಮುರುವಾಗಿ, ಹೆಸರು ಬೇಕೇಬೇಕಾದ ಕಡೆ ಹೆಸರಿರುವುದಿಲ್ಲ. ಮನೆಮನೆಗೆ ಹೋಗಿ, ಹೌಸಾ, ಬಂಬಾರಾ, ಶೋನಾ ಭಾಷೆಗಳಲ್ಲಿ ಮಾತಾಡಿಸಿ, ಪ್ರಶ್ನಾವಳಿ ತುಂಬಿದವರು ಸ್ಥಳೀಯ ಸಹಾಯಕರು. ಅವರಿಗೆ ಸಿಗುವುದು ‘ಕ್ಷೇತ್ರ ಸಹಾಯಕರಿಗೆ ಧನ್ಯವಾದ’ ಎಂಬ ಅನಾಮಧೇಯ ಸಾಲು. ಲೇಖಕರ ಪಟ್ಟಿಯಲ್ಲಿ ಮೊದಲ ಹೆಸರು ಹಣ ತಂದ ಉತ್ತರದ ವಿಶ್ವವಿದ್ಯಾಲಯದವರದು. ಸಂಪಾದಕರಿಗೆ ಇದನ್ನು ಬದಲಿಸುವ ಅಧಿಕಾರವಿಲ್ಲ. ಆದರೆ ‘ಹೆಸರುಗಳನ್ನು ದಯವಿಟ್ಟು ಒದಗಿಸಿ, ಅವರ ಒಪ್ಪಿಗೆಯೊಂದಿಗೆ’ ಎಂದು ಅಂಚಿನಲ್ಲಿ ಬರೆದರೆ ಉತ್ತರಿಸದೆ ಕರಡು ಮುಂದಕ್ಕೆ ಹೋಗುವಂತಿಲ್ಲ. ಅಷ್ಟು ಮಾಡಬಹುದು.

ನಕ್ಷೆಗಳ ಬಗ್ಗೆ ಬೇಗ ಹೇಳಿ ಮುಗಿಸುತ್ತೇನೆ. ಮೊದಲ ಕರಡಿನ ನಕ್ಷೆಯಲ್ಲಿ ಬಾಣಗಳೆಲ್ಲ ಉತ್ತರಕ್ಕೆ, ಮೆಡಿಟರೇನಿಯನ್ ಕಡೆಗೆ. ಮುಖಪುಟಕ್ಕೆ ಸೂಚಿಸಿದ ಚಿತ್ರ ತುಂಬಿ ತುಳುಕುವ ರಬ್ಬರ್ ದೋಣಿ. ಆಫ್ರಿಕಾದೊಳಗಿನ ವಲಸೆಯ ವರದಿಗೆ! ವಾಗಡೂಗುವಿನಿಂದ ಅಬಿಜಾನ್‌ಗೆ ಹೋಗುವ ಬಸ್ಸಿನ ಚಿತ್ರ ಯಾರಿಗೂ ರೋಚಕವಲ್ಲ, ಆದರೆ ವಿಷಯ ಅದೇ. ಹವಾಮಾನದ ಅಧ್ಯಾಯದಲ್ಲಿ ವಿಶ್ವಬ್ಯಾಂಕಿನ ಒಂದು ಮುನ್ನೋಟದ ಅಂಕಿ ಇತ್ತು. ಸಹಾರಾದ ದಕ್ಷಿಣಕ್ಕಿರುವ ಆಫ್ರಿಕಾದಲ್ಲಿ 2050ರ ಹೊತ್ತಿಗೆ 8.6 ಕೋಟಿ ಜನ ವಲಸೆ ಹೋಗಬಹುದು ಎಂಬುದು. ಮೂಲದಲ್ಲಿ ಅದು ಅತ್ಯಂತ ಕೆಟ್ಟ ಸನ್ನಿವೇಶದ ಗರಿಷ್ಠ ಮಿತಿ, ಅದೂ ತಮ್ಮ ದೇಶಗಳ ಒಳಗೇ ಜಾಗ ಬದಲಿಸುವವರ ಲೆಕ್ಕ. ಅಧ್ಯಾಯದಿಂದ ಸಾರಾಂಶಕ್ಕೆ ಬರುವಷ್ಟರಲ್ಲಿ ‘ಗರಿಷ್ಠ’ ಬಿದ್ದುಹೋಗಿತ್ತು, ‘ಬಹುದು’ ಬಿದ್ದುಹೋಗಿತ್ತು, ‘ದೇಶದ ಒಳಗೆ’ ಕೂಡ ಬಿದ್ದುಹೋಗಿತ್ತು. ಮಂತ್ರಿಗಳೂ ಪತ್ರಕರ್ತರೂ ಓದುವುದು ಸಾರಾಂಶವನ್ನು ಮಾತ್ರ. ಆದ್ದರಿಂದ ಸಾರಾಂಶವನ್ನು ನಾನು ಕೊನೆಗೆ ತಿದ್ದುತ್ತೇನೆ, ಎದುರಿಗೆ ಅಧ್ಯಾಯಗಳನ್ನು ತೆರೆದಿಟ್ಟುಕೊಂಡು.

ದೊಡ್ಡ ಜಗಳ ನಡೆದದ್ದೂ ಸಾರಾಂಶದ ಮೊದಲ ವಾಕ್ಯದ ಮೇಲೆಯೇ. ‘ಆಫ್ರಿಕಾದ ವಲಸೆಯಲ್ಲಿ ಶೇ 80ರಷ್ಟು ಆಫ್ರಿಕಾದೊಳಗೇ ನಡೆಯುತ್ತದೆ’ ಎಂಬ ಮಾತು ಸಮ್ಮೇಳನಗಳಲ್ಲಿ, ಭಾಷಣಗಳಲ್ಲಿ ಬಹಳ ಓಡಾಡುತ್ತದೆ. ಲೇಖಕರೆಲ್ಲರಿಗೂ ಪ್ರಿಯವಾದ ವಾಕ್ಯ. ಯೂರೋಪಿನ ಭಯಕ್ಕೆ ಒಂದೇ ಏಟಿನ ಉತ್ತರ. ನನ್ನ ಸಹಾನುಭೂತಿಯೂ ಆ ಕಡೆಗೇ ಇದೆ. ಆದರೆ ‘ಯಾರನ್ನು ಎಣಿಸಿದ್ದು’ ಎಂಬ ಕಾಲಂ ತುಂಬಲು ಹೋದರೆ ಏನೂ ಸಿಗಲಿಲ್ಲ. ವಿಶ್ವಸಂಸ್ಥೆಯ 2020ರ ಲೆಕ್ಕದಲ್ಲಿ ಇನ್ನೊಂದು ಆಫ್ರಿಕನ್ ದೇಶದಲ್ಲಿರುವ ಆಫ್ರಿಕನ್ನರು ಸುಮಾರು 2.1 ಕೋಟಿ, ಖಂಡದ ಹೊರಗಿರುವವರು ಸುಮಾರು 1.95 ಕೋಟಿ. ಅಂದರೆ ಅರ್ಧಕ್ಕಿಂತ ಸ್ವಲ್ಪ ಹೆಚ್ಚು, ಅಷ್ಟೆ. ಮೊರಾಕೊ, ಅಲ್ಜೀರಿಯಾದವರು ಹೆಚ್ಚಾಗಿ ಯೂರೋಪಿಗೂ ಈಜಿಪ್ಟಿನವರು ಕೊಲ್ಲಿ ದೇಶಗಳಿಗೂ ಹೋಗುವುದರಿಂದ ಖಂಡದ ಸರಾಸರಿ ಕೆಳಗಿಳಿಯುತ್ತದೆ. ಸಹಾರಾದ ದಕ್ಷಿಣದ ದೇಶಗಳನ್ನು ಮಾತ್ರ ತೆಗೆದುಕೊಂಡರೆ ಶೇ 63. ಗುಳೆಯಂಥ ಓಡಾಟವನ್ನು ಸೇರಿಸಿದರೆ ಇನ್ನೂ ಹೆಚ್ಚಾದೀತು, ಆದರೆ ಅದು ಈ ಲೆಕ್ಕದಲ್ಲಿಲ್ಲ.

‘ಶೇ 80 ಎಂದರೆ ಎಲ್ಲರಿಗೂ ನೆನಪಿರುತ್ತದೆ’ ಎಂದು ಒಬ್ಬರು ವಾದಿಸಿದರು. ನಿಜ, ಅದಕ್ಕೇ ಅದು ಬೇಡ. ನಮ್ಮ ಎದುರಾಳಿಯ ಅಂಕಿಯನ್ನು ಎಲ್ಲರೂ ಪರೀಕ್ಷಿಸುತ್ತಾರೆ, ನಮಗೆ ಹಿತವಾದ ಅಂಕಿಯನ್ನು ತಂಡದಲ್ಲಿ ಯಾರೂ ಪರೀಕ್ಷಿಸುವುದಿಲ್ಲ. ಹಲವು ಸುತ್ತಿನ ಪತ್ರಗಳ ನಂತರ ಅಚ್ಚಾದ ಮೊದಲ ವಾಕ್ಯದಲ್ಲಿ ಮೂರೂ ಇದ್ದವು: ಇಡೀ ಖಂಡಕ್ಕೆ ಅರ್ಧಕ್ಕಿಂತ ತುಸು ಹೆಚ್ಚು, ಸಹಾರಾದ ದಕ್ಷಿಣಕ್ಕೆ ಶೇ 63, ವರ್ಷದೊಳಗೆ ಮರಳುವವರು ಎರಡರಲ್ಲೂ ಇಲ್ಲ. ಬಣ್ಣದ ಚೌಕದಲ್ಲಿ ದಪ್ಪಕ್ಷರದ ಒಂದೇ ಸಾಲು ಬರಬೇಕೆಂದಿದ್ದ ಜಾಗಕ್ಕೆ ಮೂರು ಸಾಲು ಬಂತು. ಪುಟವಿನ್ಯಾಸದವರು ಚೌಕವನ್ನು ಹಿಗ್ಗಿಸಿ, ಅಕ್ಷರವನ್ನು ಒಂದು ಅಳತೆ ಕುಗ್ಗಿಸಿದರು.